ರಾತ್ರಿ ಪಾಳಿ, ಹಳೇ ಪಲ್ಸರ್, ಕತ್ತಲ ರಸ್ತೆ: ಹೆಡ್‌ಲೈಟಿಗೆ ಏನು ಹಾಕಿಸೋದು?

ಸೆಕೆಂಡ್‌ಶಿಫ್ಟ್_ನರಸಾಪುರ
ಎಲ್ಲರಿಗೂ ನಮಸ್ಕಾರ. ಗಾಡಿ ಪಲ್ಸರ್ 150, 2014ರದ್ದು. ನರಸಾಪುರದಲ್ಲಿ ಕೆಲಸ, ಸೆಕೆಂಡ್ ಶಿಫ್ಟ್ ಮುಗಿಸಿ ಗೇಟ್ ದಾಟೋ ಹೊತ್ತಿಗೆ ರಾತ್ರಿ ಹನ್ನೊಂದು ಆಗಿರುತ್ತೆ. ಮನೆ ವೇಮಗಲ್ ದಾಟಿ ಎಚ್ ಕ್ರಾಸ್ ಕಡೆ. ಹೈವೇ ಬಿಟ್ಟ ಮೇಲೆ ಊರು ಬಂದಾಗ ಮಾತ್ರ ಬೀದಿ ದೀಪ, ಉಳಿದಿದ್ದೆಲ್ಲ ಕತ್ತಲೆ. ಬಣ್ಣ ಹೊಡೆಯದ ಹಂಪ್ಸು, ಹಿಂದೆ ಒಂದು ಕೆಂಪು ಸ್ಟಿಕ್ಕರೂ ಇಲ್ಲದ ಟ್ರ್ಯಾಕ್ಟರ್ ಟ್ರೇಲರು, ಈಗ ಸುಗ್ಗಿ ಅಂತ ರಸ್ತೆ ಮೇಲೇ ರಾಗಿ ಹರಡಿ ಸುತ್ತ ಕಲ್ಲಿಟ್ಟಿರ್ತಾರೆ. ನನ್ನ ಲೈಟು ಹಳದಿಯಾಗಿ ಮುಂದಿನ ಚಕ್ರದ ಹತ್ರಾನೇ ಬಿದ್ದಿರುತ್ತೆ. ಎದುರಿಂದ ಕಾರು ಬಂದರೆ ಎರಡು ಮೂರು ಸೆಕೆಂಡ್ ಏನೂ ಕಾಣಲ್ಲ.

ಅಂಗಡಿಯವನು ಎರಡು ದಾರಿ ಹೇಳಿದ. ಒಂದು, 100/90 ಬಲ್ಬು, ಅಂದರೆ ಹೈ ಬೀಮಿಗೆ 100 ವ್ಯಾಟ್, ಲೋ ಬೀಮಿಗೆ 90. ಇನ್ನೊಂದು, ಫ್ಯಾನ್ ಇರೋ ಎಲ್‌ಇಡಿ. ಯಾವುದು ಹಾಕಿಸಲಿ? ಬಜೆಟ್ ಎರಡು ಸಾವಿರದ ಒಳಗೆ.

ಗುಡಿಬಂಡೆ_ಗುರು
ಯೋಚ್ನೆ ಯಾಕೆ ಮಗಾ, ಎಲ್‌ಇಡಿ ಹಾಕ್ಸು. 6500 ಕೆಲ್ವಿನ್ ಬಿಳೀದು. ನಾನು ಹಾಕ್ಸಿದೀನಿ, ರಸ್ತೆ ಹಗಲಿದ್ದಂಗೆ ಕಾಣುತ್ತೆ. ಹ್ಯಾಲೊಜನ್ ಎಲ್ಲಾ ಅಜ್ಜನ ಕಾಲದ್ದು.

ಲಾರಿ_ಸೀಟಿಂದ
ಗುಡಿಬಂಡೆ ಗುರು ಅವರೇ, ಹಗಲು ನಿಮಗೆ ಕಾಣುತ್ತೆ, ಎದುರಿಗೆ ಬರೋ ನನಗೆ ಏನು ಕಾಣುತ್ತೆ ಅಂತ ಒಂದ್ಸಲ ನನ್ನ ಸೀಟಲ್ಲಿ ಕೂತು ನೋಡಿ. ಮುಳಬಾಗಿಲು ಕಡೆಯಿಂದ ಟೊಮೊಟೊ ಲೋಡ್ ತರೋವಾಗ ಬೈಕಿನ ಲೈಟೇ ಕಾರಿನ ಲೈಟಿಗಿಂತ ಕಣ್ಣಿಗೆ ಜಾಸ್ತಿ ಹೊಡೆಯುತ್ತೆ. ಡಿಮ್ ಮಾಡಿದರೂ ಅದು ಬ್ರೈಟೇ. ಬಿಳೀ ಗೋಳ ಒಂದು ಬಿಟ್ಟು ರಸ್ತೆಯ ಎಡ ಅಂಚೂ ಕಾಣಲ್ಲ, ಆ ಅಂಚಲ್ಲಿ ಸೈಕಲ್ ತಳ್ಳಿಕೊಂಡು ಹೋಗ್ತಿರೋ ಮುದುಕನೂ ಕಾಣಲ್ಲ.

ವೈರಿಂಗ್_ಪುಟ್ಟಣ್ಣ
ತಮ್ಮಾ, ಎರಡೂ ಬೇಡ. ಬಲ್ಬು ಬದಲಾಯ್ಸೋದಕ್ಕೆ ಮುಂಚೆ ಇರೋ ಬಲ್ಬಿಗೆ ಕರೆಂಟು ಸರಿಯಾಗಿ ಹೋಗ್ತಾ ಐತಾ ನೋಡು. ಕೋಲಾರದಲ್ಲಿ ನನ್ನ ಅಂಗಡಿಗೆ "ಲೈಟ್ ಡಲ್" ಅಂತ ಬರೋ ಗಾಡಿಗಳಲ್ಲಿ ಬಲ್ಬಿನ ತಪ್ಪು ಇರೋದು ಕಮ್ಮಿ. ಹತ್ತು ವರ್ಷದ ಗಾಡಿ ಅಂದ್ರೆ ವೈರುಗಳು ಸೇರೋ ಕಪ್ಲರ್ ಒಳಗೆ ಹಸಿರು ಪಾಚಿ ಕಟ್ಟಿರ್ತದೆ, ಡಿಪ್ಪರ್ ಸ್ವಿಚ್ಚಿನ ಪಾಯಿಂಟು ಸುಟ್ಟು ಕಪ್ಪಗಾಗಿರ್ತದೆ, ಹ್ಯಾಂಡಲ್ ತಿರುಗೋ ಕಡೆ ಅರ್ತ್ ವೈರು ಒಳಗೊಳಗೇ ಹರಿದು ನಾಕು ಎಳೆಯಲ್ಲಿ ನೇತಾಡ್ತಿರ್ತದೆ.

ಒಂದು ಮಲ್ಟಿಮೀಟರ್ ತಗೋ, ಇನ್ನೂರು ಮುನ್ನೂರಕ್ಕೆ ಸಿಗ್ತದೆ. ಇಂಜಿನ್ ಸ್ಟಾರ್ಟ್ ಮಾಡಿ ಸ್ವಲ್ಪ ರೇಸ್ ಕೊಟ್ಟು ಬ್ಯಾಟರಿ ಎರಡು ತುದಿಯಲ್ಲಿ ಹಿಡಿ. 13.5ರಿಂದ 14.5ರ ಒಳಗಿದ್ರೆ ಚಾರ್ಜಿಂಗ್ ಸರಿ. ಆಮೇಲೆ ಹೆಡ್‌ಲೈಟ್ ಡೂಮ್ ಬಿಚ್ಚಿ, ಬಲ್ಬು ಉರೀತಿರೋವಾಗಲೇ ಹೋಲ್ಡರ್ ಹಿಂದೆ ಹಿಡಿ. ಬಲ್ಬು ಕಿತ್ತು ನೋಡ್ಬೇಡ, ಲೋಡ್ ಇಲ್ದೇ ಇದ್ರೆ ಮೀಟರ್ ಸುಳ್ಳು ಹೇಳ್ತದೆ. ಎರಡಕ್ಕೂ ಅರ್ಧ ವೋಲ್ಟಿಗಿಂತ ಜಾಸ್ತಿ ವ್ಯತ್ಯಾಸ ಬಂದ್ರೆ ವೈರಿಂಗಲ್ಲಿ ಸೋರ್ತಾ ಐತೆ ಅಂತ.

100/90 ಮಾತ್ರ ಹಾಕಿಸ್ಬೇಡ. ನಿನ್ನ ಗಾಡೀದು 35/35 ವ್ಯಾಟ್. ಮೂರು ಆಂಪಿಯರ್ ಹರಿಯೋ ವೈರಲ್ಲಿ ಎಂಟು ಆಂಪಿಯರ್ ಹರಿಸಿದ್ರೆ ಮೊದಲು ಸ್ವಿಚ್ಚು ಹೋಗ್ತದೆ, ಆಮೇಲೆ ಹೋಲ್ಡರ್ ಕರಗ್ತದೆ.

ಕೆಎ08_ಬುಲೆಟ್
ಪುಟ್ಟಣ್ಣ ಹೇಳಿದ್ದು ಸತ್ಯ. ನಮ್ಮ ಕೆಜಿಎಫ್‌ನಲ್ಲಿ ಒಬ್ಬ ಹುಡುಗ ಪಲ್ಸರಿಗೇ 100/90 ಹಾಕಿದ್ದ. ಬೇತಮಂಗಲ ರಸ್ತೆಯಲ್ಲಿ ಸುಟ್ಟ ವಾಸನೆ ಬಂತು ಅಂತ ನಿಲ್ಲಿಸಿ ನೋಡಿದರೆ ಹೋಲ್ಡರ್ ಬಲ್ಬಿಗೇ ಅಂಟಿಕೊಂಡಿತ್ತು. ರಿಫ್ಲೆಕ್ಟರಿನ ಬೆಳ್ಳಿ ಲೇಪನ ಗುಳ್ಳೆ ಎದ್ದಿತ್ತು. ಬಲ್ಬು ಅಗ್ಗ, ಡೂಮ್ ಸೆಟ್ಟು ದುಬಾರಿ.

ನನ್ನ ಕ್ಲಾಸಿಕ್ 350ಗೆ ಕಂಪನಿಯಿಂದಲೇ ಎಚ್4 ಅನ್ನೋ ಥರದ ಬಲ್ಬು, 60/55 ವ್ಯಾಟಿಂದು ಬರುತ್ತೆ. ಅದಕ್ಕೆ ರಿಲೇ (ಬಲ್ಬಿಗೆ ಬ್ಯಾಟರಿಯಿಂದ ನೇರ ಕರೆಂಟು ಕೊಡಿಸೋ ಸ್ವಿಚ್ಚು) ಹಾಕಿಸಿದ ಮೇಲೆ ಬೇರೆ ಬಲ್ಬು ಬೇಕು ಅನಿಸಲಿಲ್ಲ.

ಸೆಕೆಂಡ್‌ಶಿಫ್ಟ್_ನರಸಾಪುರ
ಲೈನ್ ಮೆಂಟೆನೆನ್ಸ್‌ನವರ ಹತ್ರ ಮೀಟರ್ ಇಸ್ಕೊಂಡು ನೋಡಿದೆ ಅಣ್ಣಾ. ಬ್ಯಾಟರಿಯಲ್ಲಿ 13.8. ಹೋಲ್ಡರಲ್ಲಿ 12.1. ಇದು ತುಂಬಾ ಜಾಸ್ತಿನಾ? ಒಂದೂ ಮುಕ್ಕಾಲು ವೋಲ್ಟಿಗೆ ಅಷ್ಟೊಂದು ವ್ಯತ್ಯಾಸ ಆಗುತ್ತಾ?

ಚಿಂತಾಮಣಿ_ಫಿಸಿಕ್ಸ್
ಆಗುತ್ತೆ, ಚೆನ್ನಾಗೇ ಆಗುತ್ತೆ. ಹ್ಯಾಲೊಜನ್ ಬಲ್ಬಿನ ಬೆಳಕು ವೋಲ್ಟೇಜಿನ ಜೊತೆ ನೇರವಾಗಿ ಇಳಿಯೋದಿಲ್ಲ, ಸುಮಾರು 3.4ನೇ ಘಾತದಲ್ಲಿ ಇಳಿಯುತ್ತೆ. ಹತ್ತು ಪರ್ಸೆಂಟ್ ವೋಲ್ಟೇಜ್ ಕಮ್ಮಿಯಾದರೆ ಬೆಳಕು ಸುಮಾರು ಮೂವತ್ತು ಪರ್ಸೆಂಟ್ ಕಮ್ಮಿ. ನಿಮ್ಮ ಲೆಕ್ಕ ಹಾಕಿದೆ: 12.1ನ್ನು 13.8ರಿಂದ ಭಾಗಿಸಿದರೆ 0.88 ಹತ್ತಿರ, ಅದರ 3.4ನೇ ಘಾತ 0.64. ಅಂದರೆ ಬಲ್ಬು ಕೊಡಬಹುದಾದ ಬೆಳಕಲ್ಲಿ ಮೂರನೇ ಒಂದು ಪಾಲಿಗಿಂತ ಜಾಸ್ತಿ ನೀವು ದಾರಿಯಲ್ಲೇ ಕಳ್ಕೊಂಡಿದೀರಿ. ಹಳದಿ ಬಣ್ಣಕ್ಕೂ ಅದೇ ಕಾರಣ, ಬಲ್ಬಿನೊಳಗಿನ ತಂತಿ ಸಾಕಷ್ಟು ಬಿಸಿಯಾಗ್ತಿಲ್ಲ.

ಇನ್ನು ಎಲ್‌ಇಡಿ ವಿಷಯ. ಪಾಠ ಮಾಡ್ತಾಳೆ ಅಂತ ಬೈಕೋಬೇಡಿ. ಹೆಡ್‌ಲೈಟಿನ ರಿಫ್ಲೆಕ್ಟರ್ ಅನ್ನೋದು ಬರೀ ಹೊಳೆಯೋ ತಟ್ಟೆ ಅಲ್ಲ. ಬಲ್ಬಿನ ತಂತಿ ಇಂಥಾ ಜಾಗದಲ್ಲೇ, ಇಷ್ಟೇ ಉದ್ದ, ಇಷ್ಟೇ ದಪ್ಪ ಇರುತ್ತೆ ಅಂತ ಇಟ್ಕೊಂಡು ಅದರ ಒಂದೊಂದು ಮುಖವನ್ನೂ ಲೆಕ್ಕ ಹಾಕಿ ಮಾಡಿರ್ತಾರೆ. ಎಚ್4, ಇಲ್ಲಾ ಅದೇ ಥರದ ಕಮ್ಮಿ ವ್ಯಾಟಿನ ಎಚ್‌ಎಸ್1 ಬಲ್ಬು ಕೈಯಲ್ಲಿ ಹಿಡಿದು ನೋಡಿ: ಲೋ ಬೀಮ್ ತಂತಿಯ ಕೆಳಗೆ ಒಂದು ಪುಟ್ಟ ಲೋಹದ ಬಟ್ಟಲಿದೆ. ಆ ಬಟ್ಟಲು ಕೆಳಗಡೆ ಹೋಗೋ ಬೆಳಕನ್ನ ತಡೆಯುತ್ತೆ, ಹಾಗಾಗಿ ರಿಫ್ಲೆಕ್ಟರಿನ ಮೇಲಿನ ಅರ್ಧಕ್ಕೆ ಮಾತ್ರ ಬೆಳಕು ಬಿದ್ದು ಅದು ರಸ್ತೆಗೆ ಬಾಗುತ್ತೆ. ಎದುರಿನವರ ಕಣ್ಣಿಗೆ ಹೋಗದಂತೆ ಗೆರೆ ಎಳೆಯೋದು ಆ ಬಟ್ಟಲೇ.

ಎಲ್‌ಇಡಿ ಬಲ್ಬಿನಲ್ಲಿ ಚಿಪ್ಪುಗಳು ಒಂದು ಅಲ್ಯೂಮಿನಿಯಂ ಪಟ್ಟಿಯ ಎರಡು ಬದಿಗೆ ಕೂತಿರುತ್ತವೆ. ಒಂದೆರಡು ಮಿಲಿಮೀಟರ್ ಆಚೀಚೆ ಆದರೂ ರಿಫ್ಲೆಕ್ಟರ್ ಅದನ್ನ ಎಲ್ಲೆಂದರಲ್ಲಿ ಎಸೆಯುತ್ತೆ. ಗಾಡಿ ಮುಂದೆ ಹತ್ತು ಮೀಟರ್ ಜಾಗ ಬೆಳ್ಳಗೆ ಉರಿಯುತ್ತೆ, "ಅಬ್ಬಾ ಎಂಥ ಲೈಟು" ಅನಿಸುತ್ತೆ. ಆ ಬೆಳಕಿಗೆ ನಿಮ್ಮ ಕಣ್ಣಿನ ಪಾಪೆ ಕಿರಿದಾಗುತ್ತೆ, ದೂರದ್ದು ಇನ್ನೂ ಕಪ್ಪಾಗುತ್ತೆ. ಟ್ರ್ಯಾಕ್ಟರ್ ನಿಂತಿರೋದು ಹತ್ತು ಮೀಟರಲ್ಲಲ್ಲ, ಐವತ್ತು ಮೀಟರಲ್ಲಿ.

ಗುಡಿಬಂಡೆ_ಗುರು
ಹಂಗಾದ್ರೆ ಮೇಡಂ, ಈಗ ಬರ್ತಿರೋ ಹೊಸ ಗಾಡಿಗಳಿಗೆಲ್ಲ ಕಂಪನಿಯವರೇ ಎಲ್‌ಇಡಿ ಯಾಕೆ ಕೊಡ್ತಾರೆ? ಅವರಿಗೆ ಫಿಸಿಕ್ಸ್ ಗೊತ್ತಿಲ್ವಾ?

ಚಿಂತಾಮಣಿ_ಫಿಸಿಕ್ಸ್
ಒಳ್ಳೇ ಪ್ರಶ್ನೆ. ಅವರು ಎಲ್‌ಇಡಿಗೆ ಅಂತಲೇ ರಿಫ್ಲೆಕ್ಟರ್ ಅಥವಾ ಪ್ರೊಜೆಕ್ಟರ್ ಮಾಡ್ತಾರೆ. ಚಿಪ್ಪಿನ ಬಿಸಿ ಇಳಿಸೋಕೆ ಹಿಂದೆ ಲೋಹದ ದೊಡ್ಡ ರೆಕ್ಕೆಗಳಿರುತ್ತೆ. ಇಡೀ ಲೈಟೇ ಒಂದು ಘಟಕವಾಗಿ ಪರೀಕ್ಷೆ ಪಾಸಾಗಿರುತ್ತೆ. ನಾನು ಎಲ್‌ಇಡಿಯ ವೈರಿ ಅಲ್ಲ, ನನ್ನ ಸ್ಕೂಟರಿಗೂ ಕಂಪನಿ ಎಲ್‌ಇಡಿಯೇ ಇದೆ. ಬಲ್ಬಿಗೆ ಮಾಡಿದ ಮನೆಯಲ್ಲಿ ಎಲ್‌ಇಡಿ ಕೂರಿಸೋದಕ್ಕೆ ಮಾತ್ರ ನನ್ನ ತಕರಾರು.

ವೈರಿಂಗ್_ಪುಟ್ಟಣ್ಣ
ಇನ್ನೊಂದು ಸೇರಿಸ್ತೀನಿ. ಆ ಫ್ಯಾನ್ ಬಲ್ಬು ಹಾಕೋಕೆ ಹಿಂದಿನ ರಬ್ಬರ್ ಕವರ್ ಕತ್ತರಿಸ್ತಾರೆ. ನಮ್ಮ ಮಾಲೂರು ಕಡೆ ಇಟ್ಟಿಗೆ ಗೂಡುಗಳ ಧೂಳು ಒಳಗೆ ಹೋದ್ರೆ ಫ್ಯಾನ್ ಜಾಮ್, ಫ್ಯಾನ್ ನಿಂತ್ರೆ ಚಿಪ್ಪು ಸುಡ್ತದೆ. ಮಳೆಗಾಲದಲ್ಲಿ ಗ್ಲಾಸ್ ಒಳಗೆ ಬೆವರು.

ಸೆಕೆಂಡ್‌ಶಿಫ್ಟ್ ತಮ್ಮಾ, ನಿನಗೆ 1.7 ವೋಲ್ಟ್ ಸೋರ್ತಾ ಐತೆ. ಎಲ್ಲಿ ಅಂತ ಹುಡುಕು. ಮೀಟರಿನ ಒಂದು ತುದಿ ಬ್ಯಾಟರಿ ಮೈನಸ್ಸಿಗೆ, ಇನ್ನೊಂದು ಹೋಲ್ಡರಿನ ಅರ್ತ್ ಪಿನ್ನಿಗೆ ಇಡು, ಲೈಟ್ ಆನ್ ಇರಲಿ. ಅಲ್ಲಿ ಎಷ್ಟು ಬರ್ತದೋ ಅಷ್ಟು ಅರ್ತ್ ಕಡೆ ಹೋಗ್ತಿರೋದು. ಮಿಕ್ಕಿದ್ದು ಪ್ಲಸ್ ಕಡೆ. ಅರ್ತ್ ಕಡೆ ಇದ್ರೆ ಐವತ್ತು ರೂಪಾಯಿ ಕೆಲಸ, ಹೊಸ ವೈರು ಎಳೆದು ಫ್ರೇಮ್ ಕೆರೆದು ಬೋಲ್ಟ್ ಹಾಕೋದು. ಪ್ಲಸ್ ಕಡೆ ಇದ್ರೆ ರಿಲೇ ಹಾಕು.

ರಿಲೇ ಹೆದರೋ ವಸ್ತು ಅಲ್ಲ. 30ನೇ ಪಿನ್ನಿಗೆ ಬ್ಯಾಟರಿ ಪ್ಲಸ್ಸಿಂದ ಫ್ಯೂಸ್ ಮೂಲಕ ದಪ್ಪ ವೈರು. 87ರಿಂದ ಹೆಡ್‌ಲೈಟಿಗೆ. 86ಕ್ಕೆ ಹಳೇ ಹೆಡ್‌ಲೈಟ್ ವೈರು, 85 ಅರ್ತ್. ಅಷ್ಟೇ. ಹಳೇ ಸ್ವಿಚ್ಚು ಈಗ ರಿಲೇನ ಎಬ್ಬಿಸೋ ಕೆಲಸ ಮಾತ್ರ ಮಾಡ್ತದೆ, ಬಲ್ಬಿನ ಕರೆಂಟು ನೇರ ಬ್ಯಾಟರಿಯಿಂದ. ಹೈಗೆ ಒಂದು, ಲೋಗೆ ಒಂದು, ಎರಡು ರಿಲೇ ಬೇಕು. ಫ್ಯೂಸ್ ಬ್ಯಾಟರಿ ಹತ್ರಾನೇ ಇರ್ಲಿ. ಹೆಡ್‌ಲೈಟ್ ಹತ್ರ ಹಾಕಿದ್ರೆ ನಡುವಿನ ವೈರು ಉಜ್ಜಿ ಶಾರ್ಟ್ ಆದಾಗ ಕಾಯೋರು ಯಾರೂ ಇರಲ್ಲ. ಜಾಯಿಂಟಿಗೆ ಸೋಲ್ಡರ್ ಹಾಕಿ ಸ್ಲೀವ್ ಸುಡು, ಬರೀ ಟೇಪ್ ಸುತ್ತಿದ್ರೆ ಎರಡು ಮಳೆಗಾಲಕ್ಕೆ ಬಿಚ್ಕೊಳ್ತದೆ.

ವಾರಂಟಿ ಇರೋ ಬಿಎಸ್6 ಗಾಡಿಯವರು ಈ ಪೋಸ್ಟ್ ನೋಡ್ಕೊಂಡು ವೈರು ಕತ್ತರಿಸ್ಬೇಡಿ. ನಿಮ್ಮದು ಬೇರೆ ಕಥೆ, ಶೋರೂಮಿಗೆ ಹೋಗಿ.

ಟೊಮೊಟೊ_ಕ್ರೇಟು
ಕೋಲಾರ ಎಪಿಎಂಸಿಗೆ ಬೆಳಗಿನ ಜಾವ ಕ್ರೇಟು ತರೋನು ನಾನು. ಎಲ್ಲಾರೂ ಬಲ್ಬು ವೈರು ಅಂತಿದೀರಿ, ಒಂದು ಮಾತು ಕೇಳಿ. ಹಿಂದೆ ಹದಿನೈದು ಕೇಜಿ ಕ್ರೇಟು ನಾಕು ಕಟ್ಟಿದ್ರೆ ಗಾಡಿ ಕುಂಡೆ ಕೆಳಗೆ ಹೋಗ್ತದೆ, ಮೂತಿ ಮೇಲೆ ಏಳ್ತದೆ. ಲೈಟು ಮರದ ಮೇಲಿರೋ ಗೂಬೆಗೆ ಕಾಣ್ತದೆ, ರಸ್ತೆಗೆ ಕಾಣಲ್ಲ. ಎದುರು ಬರೋರು ಬೈತಾರೆ. ಹಾಲಿನ ಕ್ಯಾನ್ ಕಟ್ಟೋರಿಗೂ ಹಿಂಗೇ.

ಕೆಎ08_ಬುಲೆಟ್
ಈ ಥ್ರೆಡ್‌ನಲ್ಲಿ ಇಲ್ಲಿವರೆಗೂ ಬಂದ ಒಳ್ಳೇ ಮಾತು ಇದು. ಪರಿಹಾರ ಪುಕ್ಕಟೆ. ಹಿಂದಿನ ಶಾಕ್ ಅಬ್ಸಾರ್ಬರ್ ಬುಡದಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಒಂದು ಕಾಲರ್ ಇದೆ. ಸಿ ಸ್ಪ್ಯಾನರಿನಿಂದ ತಿರುಗಿಸಿ ಲೋಡಿಗೆ ತಕ್ಕಂತೆ ಗಟ್ಟಿ ಮಾಡಿ, ಎರಡೂ ಕಡೆ ಒಂದೇ ಮೆಟ್ಟಿಲಿರಲಿ. ಟೈರ್ ಗಾಳಿ ನೋಡಿ. ಆಮೇಲೆ ಲೈಟ್ ಅಡ್ಜಸ್ಟ್ ಮಾಡಿ.

ಅಡ್ಜಸ್ಟ್ ಮಾಡೋದು ಹೀಗೆ. ಸಮತಟ್ಟಾದ ಜಾಗದಲ್ಲಿ ಗೋಡೆಗೆ ಹತ್ತು ಮೀಟರ್ ದೂರ ಗಾಡಿ ನಿಲ್ಲಿಸಿ. ಸ್ಟ್ಯಾಂಡ್ ಹಾಕಬೇಡಿ, ದಿನಾ ಎಷ್ಟು ಭಾರ ಇರುತ್ತೋ ಅಷ್ಟು ಭಾರದಲ್ಲಿ ಮೇಲೆ ಕೂತಿರಿ. ಹೆಡ್‌ಲೈಟಿನ ನಡು ನೆಲದಿಂದ ಎಷ್ಟು ಎತ್ತರ ಅಂತ ಅಳೆದು ಗೋಡೆ ಮೇಲೆ ಅದೇ ಎತ್ತರಕ್ಕೆ ಸೀಮೆಸುಣ್ಣದಲ್ಲಿ ಗೆರೆ ಎಳೀರಿ. ಲೋ ಬೀಮಿನ ಮೇಲಂಚು ಆ ಗೆರೆಗಿಂತ ಹತ್ತು ಸೆಂಟಿಮೀಟರ್ ಕೆಳಗಿರಬೇಕು. ಅದಕ್ಕಿಂತ ತೀರಾ ಕೆಳಗಿದ್ರೆ ಸೆಕೆಂಡ್‌ಶಿಫ್ಟ್ ಅವರ ಸಮಸ್ಯೆ, ಚಕ್ರದ ಹತ್ರಾನೇ ಬೆಳಕು. ಮೇಲಿದ್ರೆ ಲಾರಿ ಅಣ್ಣನ ಸಮಸ್ಯೆ.

ಲಾರಿ_ಸೀಟಿಂದ
ಲಾರಿ ಅಣ್ಣನ ಸಮಸ್ಯೆ ಅಂತ ಒಬ್ಬರಾದರೂ ಒಪ್ಪಿದಿರಲ್ಲ, ಸಂತೋಷ.

ಇನ್ನೊಂದು ಹೇಳ್ತೀನಿ. ನೀವು ಮುಂದಿನ ಲೈಟಿಗೆ ಸಾವಿರಾರು ಸುರೀತೀರಿ, ಹಿಂದಿನ ಲೈಟು ಉರೀತಿದೆಯಾ ಅಂತ ಯಾರೂ ಬಗ್ಗಿ ನೋಡಲ್ಲ. ರಾತ್ರಿ ನನ್ನ ಮುಂದೆ ಹೋಗೋ ಬೈಕುಗಳಲ್ಲಿ ಎಷ್ಟಕ್ಕೋ ಟೇಲ್ ಲೈಟೇ ಇರಲ್ಲ. ಬ್ರೇಕ್ ಹಿಡಿದಾಗ ಮಾತ್ರ ಮಿಂಚಿ ಹೋಗುತ್ತೆ. ಒಂದೇ ಬಲ್ಬಿನೊಳಗೆ ಎರಡು ತಂತಿ, 21 ವ್ಯಾಟಿನದು ಬ್ರೇಕಿಗೆ, 5 ವ್ಯಾಟಿನದು ಟೇಲಿಗೆ. ಐದರದ್ದು ಹೋಗಿರುತ್ತೆ, ಬ್ರೇಕ್ ಲೈಟ್ ಬರ್ತಿದೆಯಲ್ಲ ಅಂತ ಓಡಿಸ್ತಿರ್ತಾರೆ. ಮೇಲೆ ನಂಬರ್ ಪ್ಲೇಟಿಗೆ ಅಡ್ಡ ಕ್ರೇಟು, ಇಲ್ಲಾ ಸೀರೆ ಗಂಟು. ಹಿಂದಿನಿಂದ ಗುದ್ದಿಸಿಕೊಳ್ಳೋದು ಹೆಡ್‌ಲೈಟ್ ಡಲ್ ಇದ್ದದ್ದಕ್ಕಲ್ಲ.

ಟೊಮೊಟೊ_ಕ್ರೇಟು
ಅಣ್ಣ, ಕ್ರೇಟಿನ ಹಿಂದಕ್ಕೆ ಕೆಂಪು ರೇಡಿಯಂ ಟೇಪು ಅಂಟಿಸಿದೀನಿ. ನಿಮ್ಮಂಥವರು ದೂರದಿಂದಲೇ ಹಾರ್ನ್ ಹೊಡೀತಾರೆ ಈಗ.

ಚಿಂತಾಮಣಿ_ಫಿಸಿಕ್ಸ್
ಅದೇ ಸರಿ. ಆ ಟೇಪು ಬಂದ ಬೆಳಕನ್ನ ಬಂದ ದಿಕ್ಕಿಗೇ ವಾಪಸ್ ಕಳಿಸುತ್ತೆ, ಹಾಗಾಗಿ ಹಿಂದಿನ ಚಾಲಕನಿಗೆ ನೂರಾರು ಮೀಟರ್ ದೂರದಿಂದ ಹೊಳೆಯುತ್ತೆ. ಬ್ಯಾಟರಿ ಬೇಡ, ವೈರು ಬೇಡ. ಹಿಂದಕ್ಕೆ ಕೆಂಪು, ಮುಂದಕ್ಕೆ ಬಿಳಿ, ಪಕ್ಕಕ್ಕೆ ಹಳದಿ. ಬಣ್ಣ ಅದಲು ಬದಲು ಮಾಡಬೇಡಿ. ಹಿಂದೆ ಬಿಳಿ ಹೊಳೆದರೆ ಎದುರಿಗೆ ಗಾಡಿ ಬರ್ತಿದೆ ಅಂದ್ಕೊಳ್ತಾರೆ. ಅಂಗಡಿಯಲ್ಲಿ ಸಿಗೋ ಹೊಳೆಯೋ ಪ್ಲಾಸ್ಟಿಕ್ ಎಲ್ಲವೂ ಇದಲ್ಲ, ಹಾಳೆಯೊಳಗೆ ಜೇನುಗೂಡಿನ ಹಾಗೆ ಗೆರೆಗಳಿರೋದನ್ನ ನೋಡಿ ತಗೊಳ್ಳಿ.

ಕಾನೂನು_ಕಟ್ಟೆ
ಎಲ್ಲಾ ಓದಿದೆ. ಪೊಲೀಸರ ವಿಷಯ ಯಾರೂ ಎತ್ತಿಲ್ಲ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ, ನೋಂದಣಿ ಪತ್ರದಲ್ಲಿರೋ ವಿವರ ತಯಾರಕರು ಕೊಟ್ಟದ್ದಕ್ಕಿಂತ ಬೇರೆಯಾಗೋ ಹಾಗೆ ಗಾಡಿ ಬದಲಾಯಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನ ಬಿಗಿಯಾಗಿಯೇ ಹೇಳಿದೆ. ಅದೇ ವರ್ಷದ ತಿದ್ದುಪಡಿಯಲ್ಲಿ ಬಂದ 182ಎ ಕಲಂನಲ್ಲಿ, ಅನುಮತಿಯಿಲ್ಲದ ಒಂದೊಂದು ಬದಲಾವಣೆಗೂ ಮಾಲೀಕನಿಗೆ ಐದು ಸಾವಿರ ದಂಡ, ಇಲ್ಲವೇ ಆರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ. ಕಣ್ಣು ಕುಕ್ಕುವ ಲೈಟಿನ ಬಗ್ಗೆ ಕೇಂದ್ರ ನಿಯಮಗಳಲ್ಲಿ 106ನೇ ನಿಯಮ ಬೇರೆ ಇದೆ, ಮುಂದಿನ ಬೆಳಕು ಕೆಳಕ್ಕೆ ಬಾಗಿರಬೇಕು. 2024ರ ಜುಲೈನಲ್ಲಿ ನಮ್ಮ ರಾಜ್ಯದ ಪೊಲೀಸರು ಇಂಥ ಎಲ್‌ಇಡಿ ದೀಪಗಳ ಮೇಲೇ ವಿಶೇಷ ಕಾರ್ಯಾಚರಣೆ ಮಾಡಿದ್ದು ನೆನಪಿರಬಹುದು.

ಅಪಘಾತವಾದಾಗ ಇನ್ಶೂರೆನ್ಸ್‌ನವರು ವೈರಿಂಗ್ ಬದಲಾಗಿದೆಯಾ ಅಂತ ಹುಡುಕುತ್ತಾರೆ, ಅದನ್ನೂ ತಲೆಯಲ್ಲಿ ಇಟ್ಟುಕೊಳ್ಳಿ. ಕಂಪನಿ ಹೇಳಿದ ವ್ಯಾಟಿನದೇ ಬಲ್ಬು ಹಾಕಿ, ಅದಕ್ಕೆ ಕರೆಂಟು ಸರಿಯಾಗಿ ಹೋಗೋ ಹಾಗೆ ದುರಸ್ತಿ ಮಾಡಿಸೋದಕ್ಕೆ ಯಾರೂ ಕೈ ಅಡ್ಡ ಹಾಕೋಕಾಗಲ್ಲ.

ಗುಡಿಬಂಡೆ_ಗುರು
ಸರ್, ಹಂಗಾದ್ರೆ ರಸ್ತೆ ಮೇಲೆ ರಾಗಿ ಒಕ್ಕಣೆ ಮಾಡೋರ ಮೇಲೆ ಯಾವ ಕಲಂ? ಕಲ್ಲಿಟ್ಟು ಹೋಗ್ತಾರೆ. ರಾತ್ರಿ ನಾವು ಸಾಯ್ಬೇಕು, ದಂಡಾನೂ ನಾವೇ ಕಟ್ಬೇಕು.

ಟೊಮೊಟೊ_ಕ್ರೇಟು
ಬೈಯ್ಯೋದು ಸುಲಭ ತಮ್ಮಾ. ಕಣ ಮಾಡೋಕೆ ಜಾಗ ಎಲ್ಲೈತೆ ಈಗ? ಮುಂಚೆ ಊರ ಮುಂದೆ ಕಣ ಇತ್ತು, ಸಗಣಿ ಸಾರಿಸಿ ರೋಣಗಲ್ಲು ಕಟ್ಟಿ ಎತ್ತು ಹೊಡೀತಿದ್ರು. ಈಗ ಎತ್ತೂ ಇಲ್ಲ, ಕಣಾನೂ ಸೈಟಾಗೈತೆ. ಹೋಗೋ ಬರೋ ಗಾಡಿ ತುಳೀಲಿ ಅಂತ ಹಾಕ್ತಾರೆ. ಸರಿ ಅಂತ ನಾನೂ ಹೇಳಲ್ಲ. ನಮ್ಮೂರಲ್ಲಿ ಸಂಜೆ ಆದ್ಮೇಲೆ ಗುಡಿಸಿ ತೆಗೀತೀವಿ, ಕಲ್ಲೂ ಎತ್ತಿಡ್ತೀವಿ. ಎಲ್ಲಾ ಊರಲ್ಲೂ ಹಂಗೆ ಮಾಡಲ್ಲ, ಅದು ನಿಜ.

ಲಾರಿ_ಸೀಟಿಂದ
ಹುರುಳಿ ಇನ್ನೂ ಕಷ್ಟ. ಬಳ್ಳಿ ಕಾರಿನ ಅಡಿಗೆ ಸುತ್ತಿಕೊಂಡು ಸೈಲೆನ್ಸರ್ ಬಿಸಿಗೆ ಬೆಂಕಿ ಹತ್ತುತ್ತೆ. ಬೈಕಿಗೆ ಹುಲ್ಲಿನ ಮೇಲೆ ಬ್ರೇಕ್ ಹಿಡಿದರೆ ಮುಗೀತು. ಒಣಹುಲ್ಲು ಕಂಡ ಕೂಡಲೇ ಆಕ್ಸಿಲರೇಟರ್ ಬಿಟ್ಟು ನೇರ ಹೋಗಿ, ಮುಂದಿನ ಬ್ರೇಕ್ ಮುಟ್ಟಬೇಡಿ.

ಚಿಂತಾಮಣಿ_ಫಿಸಿಕ್ಸ್
ಅದು ಕಾಣಬೇಕಾದ್ದು ಎಷ್ಟು ದೂರಕ್ಕೆ ಅಂತ ಲೆಕ್ಕ ನೋಡಿ. ಗಂಟೆಗೆ 60 ಕಿಲೋಮೀಟರ್ ಅಂದರೆ ಸೆಕೆಂಡಿಗೆ 17 ಮೀಟರ್ ಹತ್ತಿರ. ಕಣ್ಣಿಗೆ ಬಿದ್ದು, ತಲೆಗೆ ಹೋಗಿ, ಕೈ ಬ್ರೇಕಿಗೆ ಬರೋಕೆ ಒಂದೂವರೆ ಸೆಕೆಂಡ್ ಹಿಡಿದರೂ 25 ಮೀಟರ್ ಹೋಯ್ತು. ಒಣ ಡಾಂಬರಿನ ಮೇಲೆ ಚೆನ್ನಾಗಿ ಬ್ರೇಕ್ ಹಿಡಿದರೆ ಇನ್ನೊಂದು 23 ಮೀಟರ್. ಒಟ್ಟು ಐವತ್ತು ಮೀಟರ್ ಅಂತಿಟ್ಕೊಳ್ಳಿ. 80ರಲ್ಲಿ ಅದೇ ಲೆಕ್ಕ ಎಪ್ಪತ್ತು ದಾಟುತ್ತೆ. 35 ವ್ಯಾಟಿನ ಲೋ ಬೀಮಲ್ಲಿ ಕಪ್ಪು ಬಣ್ಣದ ಟ್ರೇಲರ್ ಐವತ್ತು ಮೀಟರಲ್ಲಿ ಕಾಣೋದು ಅನುಮಾನ. ಎದುರು ಯಾರೂ ಇಲ್ಲದಾಗ ಹೈ ಬೀಮ್ ಹಾಕಿ, ಅದು ಇರೋದೇ ಅದಕ್ಕೆ. ಯಾರಾದರೂ ಬಂದರೆ ಡಿಮ್ ಮಾಡಿ, ವೇಗಾನೂ ಇಳಿಸಿ. ಅವರು ಡಿಮ್ ಮಾಡದಿದ್ದರೆ ನೀವೂ ಬ್ರೈಟ್ ಹಾಕಿ ಸೇಡು ತೀರಿಸಬೇಡಿ, ರಸ್ತೆಯ ಎಡ ಅಂಚಿನ ಬಿಳಿ ಗೆರೆ ಮೇಲೆ ಕಣ್ಣಿಡಿ.

ಮತ್ತೆ ಹೆಲ್ಮೆಟ್ ಗ್ಲಾಸು! ಗೀರು ಬಿದ್ದ ಗ್ಲಾಸಿನಲ್ಲಿ ಎದುರಿನ ಒಂದು ಲೈಟು ನೂರು ಕಡ್ಡಿಯಾಗಿ ಒಡೆಯುತ್ತೆ. ಕಪ್ಪು ಗ್ಲಾಸು ಹಾಕ್ಕೊಂಡು ರಾತ್ರಿ ಓಡಿಸೋರನ್ನ ನೋಡಿದರೆ ನನಗೆ ಸಿಟ್ಟೇ ಬರುತ್ತೆ. ಹೊಸ ಬಿಳಿ ಗ್ಲಾಸು ಹಾಕಿಸಿ, ಹೆಡ್‌ಲೈಟಿಗೆ ಕೊಡೋ ದುಡ್ಡಿಗಿಂತ ಕಮ್ಮಿ. ಐವತ್ತು ದಾಟಿದವರು ಒಮ್ಮೆ ಕಣ್ಣು ತೋರಿಸಿಕೊಳ್ಳಿ. ಪೊರೆ ಶುರುವಾಗಿದ್ದರೆ ಯಾವ ಬಲ್ಬೂ ಸಾಲದು.

ನಂದಿ_ತಪ್ಪಲು
ಚಿಕ್ಕಬಳ್ಳಾಪುರದಿಂದ ದೇವನಹಳ್ಳಿ ಕಡೆ ಬೆಳಗಿನ ಜಾವ ಹೂ ಒಯ್ಯುತ್ತೀನಿ. ಡಿಸೆಂಬರ್, ಜನವರಿಯಲ್ಲಿ ಮಂಜು ಬಿದ್ದರೆ ಹೈವೇನೇ ಕಾಣಲ್ಲ. ಹಳದಿ ಫಾಗ್ ಲೈಟ್ ಹಾಕಿಸಿದರೆ ಮಂಜು ಸೀಳುತ್ತೆ ಅಂತಾರೆ, ನಿಜವಾ?

ಚಿಂತಾಮಣಿ_ಫಿಸಿಕ್ಸ್
ಸೀಳೋದಿಲ್ಲ. ಮಂಜಿನ ಹನಿ ಬೆಳಕಿನ ಅಲೆಗಿಂತ ಎಷ್ಟೋ ದೊಡ್ಡದು, ಅದು ಹಳದಿ, ನೀಲಿ ಎಲ್ಲವನ್ನೂ ಹೆಚ್ಚುಕಮ್ಮಿ ಒಂದೇ ಥರ ಚೆಲ್ಲುತ್ತೆ. ನೀಲಿ ಅಂಶ ಕಣ್ಣಿಗೆ ಹೆಚ್ಚು ಚುಚ್ಚುತ್ತೆ, ಹಳದಿಯಲ್ಲಿ ಅದಿಲ್ಲ, ಹಾಗಾಗಿ ಹಿತವಾಗಿರುತ್ತೆ, ಅಷ್ಟೇ. ಕೆಲಸ ಮಾಡೋದು ಜಾಗ. ಲೈಟು ಆದಷ್ಟು ಕೆಳಗಿದ್ದು, ಮೇಲಂಚು ಕತ್ತರಿಸಿದ ಹಾಗಿದ್ದು, ಅಗಲವಾಗಿ ಹರಡಿದರೆ ಮಂಜಿನ ಅಡಿಯಲ್ಲಿ ರಸ್ತೆ ಕಾಣುತ್ತೆ. ಮಂಜಲ್ಲಿ ಹೈ ಬೀಮ್ ಹಾಕಿದರೆ ಬಿಳಿ ಗೋಡೆ.

ವೈರಿಂಗ್_ಪುಟ್ಟಣ್ಣ
ಎಕ್ಸ್‌ಟ್ರಾ ಲೈಟ್ ಹಾಕ್ಸೋರು ಕೇಳ್ರಪ್ಪ. ಕಂಪನಿಯೇ ಆಕ್ಸೆಸರಿ ಅಂತ ನಿಮ್ಮ ಮಾಡೆಲ್ಲಿಗೆ ಕೊಡೋದಿದ್ರೆ ಅದನ್ನೇ ತಗೊಳ್ಳಿ. ಬೇರೆ ಸ್ವಿಚ್ಚು, ಬೇರೆ ಫ್ಯೂಸು, ಬೇರೆ ರಿಲೇ. ರಿಲೇ ಎಬ್ಬಿಸೋ ವೈರು ಇಗ್ನಿಷನ್ನಿಂದ ಕೊಡಿ, ಇಲ್ಲಾಂದ್ರೆ ಗಾಡಿ ನಿಲ್ಸಿ ಮಲಗಿದ್ರೆ ಬೆಳಗ್ಗೆ ಬ್ಯಾಟರಿ ಖಾಲಿ. ಕ್ರ್ಯಾಶ್ ಗಾರ್ಡಿಗೆ ಎರಡೂ ಕಡೆ ಮಿಣಮಿಣ ಅನ್ನೋ ಕೆಂಪು ನೀಲಿ ಹಾಕ್ಸೋಕೆ ಬರೋರಿಗೆ ನಾನು ಹಾಕಲ್ಲ, ಬೇರೆ ಅಂಗಡಿ ನೋಡ್ಕೊಳ್ಳಿ.

ಇಂಡಿಕೇಟರಿಗೆ ಎಲ್‌ಇಡಿ ಹಾಕ್ಸಿದ್ಮೇಲೆ ಟಕಟಕ ಅಂತ ಜೋರಾಗಿ ಮಿಟುಕ್ತದೆ ಅಂತ ಬರ್ತಾರೆ. ಹಳೇ ಫ್ಲ್ಯಾಶರ್ ಹತ್ತು ವ್ಯಾಟ್ ಬಲ್ಬಿನ ಲೋಡ್ ನೋಡ್ಕೊಂಡು ಕೆಲಸ ಮಾಡ್ತದೆ. ಲೋಡ್ ಕಮ್ಮಿ ಆದ್ರೆ ಬಲ್ಬು ಹೋಗೈತೆ ಅಂದ್ಕೊಂಡು ಜೋರಾಗಿ ಹೊಡೀತದೆ. ಎಲ್‌ಇಡಿ ಫ್ಲ್ಯಾಶರ್ ಬದಲಾಯ್ಸಿದ್ರೆ ಸರಿಹೋಗ್ತದೆ.

ಸ್ಪ್ಲೆಂಡರ್_ಶಿಡ್ಲಘಟ್ಟ
ಪುಟ್ಟಣ್ಣ, ನಂದು ಹಳೇ ಸ್ಪ್ಲೆಂಡರ್, 2008. ಗೂಡು ಮಾರ್ಕೆಟ್ಟಿಗೆ ಬೆಳಗ್ಗೆ ಬೇಗ ಹೋಗ್ಬೇಕು. ನಿಂತಾಗ ಲೈಟು ಮಂಕು, ರೇಸ್ ಕೊಟ್ರೆ ಜೋರು. ಬ್ಯಾಟರಿ ಹೊಸದು ಹಾಕಿದ್ರೂ ಹಂಗೇ. 60/55 ಹಾಕ್ಲಾ?

ವೈರಿಂಗ್_ಪುಟ್ಟಣ್ಣ
ಹಾಕ್ಬೇಡ. ನಿಂದು ಎಸಿ ಲೈಟು, ಹೆಡ್‌ಲೈಟಿಗೂ ಬ್ಯಾಟರಿಗೂ ಸಂಬಂಧಾನೇ ಇಲ್ಲ. ಮ್ಯಾಗ್ನೆಟ್ ಕಾಯಿಲಿಂದ ನೇರ ಬರೋದು, ಇಂಜಿನ್ ಜೋರಾದ್ರೆ ಜೋರು. ಕಾಯಿಲ್ ಕೊಡೋದೇ ಇಷ್ಟು, ದೊಡ್ಡ ಬಲ್ಬು ಹಾಕಿದ್ರೆ ವೋಲ್ಟೇಜ್ ಇನ್ನೂ ಕೆಳಗೆ ಬಿದ್ದು ಈಗಿರೋದಕ್ಕಿಂತ ಮಂಕಾಗ್ತದೆ. ಎಲ್‌ಇಡಿ ಹಾಕಿದ್ರೆ ನಡುಗ್ತದೆ. ಡಿಸಿ ಮಾಡ್ಬೇಕು ಅಂದ್ರೆ ಕಾಯಿಲ್ ಪ್ಲೇಟ್ ಬಿಚ್ಚಿ ಅರ್ತ್ ಬೇರೆ ಮಾಡಿ ಫುಲ್ ವೇವ್ ಆರ್‌ಆರ್ ಯೂನಿಟ್ (ಎಸಿನ ಡಿಸಿ ಮಾಡಿ ವೋಲ್ಟೇಜ್ ಹಿಡಿತದಲ್ಲಿಡೋ ಪೆಟ್ಟಿಗೆ) ಹಾಕ್ಬೇಕು, ದೊಡ್ಡ ಕೆಲಸ, ಗೊತ್ತಿರೋನ ಕೈಗೆ ಕೊಡು. ಅದಕ್ಕೆ ಮುಂಚೆ ಕಂಪನಿ 35/35 ಹೊಸ ಬಲ್ಬು ಹಾಕಿ, ಗ್ಲಾಸ್ ಬಿಚ್ಚಿ ಒಳಗೆ ರಿಫ್ಲೆಕ್ಟರ್ ಕಪ್ಪಾಗಿದ್ಯಾ ನೋಡು. ಕಪ್ಪಾಗಿದ್ರೆ ಉಜ್ಜಬೇಡ, ಬಟ್ಟೆ ಮುಟ್ಟಿದ್ರೆ ಲೇಪನ ಎದ್ದು ಬರ್ತದೆ. ಸೆಟ್ಟೇ ಬದಲಾಯ್ಸು.

ಸೆಕೆಂಡ್‌ಶಿಫ್ಟ್_ನರಸಾಪುರ
ಅಪ್‌ಡೇಟ್. ಪುಟ್ಟಣ್ಣ ಹೇಳಿದ ಹಾಗೆ ಅಳೆದೆ. ಅರ್ತ್ ಕಡೆ 0.9, ಉಳಿದಿದ್ದು ಪ್ಲಸ್ ಕಡೆ. ಹ್ಯಾಂಡಲ್ ಬಲಕ್ಕೆ ತಿರುಗಿಸಿದರೆ ಅರ್ತ್ ಕಡೆಯದು ಇನ್ನೂ ಏರ್ತಿತ್ತು. ವೈರು ಬದಲಾಯಿಸಿ, ಎರಡು ರಿಲೇ ಹಾಕಿ, ಅದೇ 35/35ರ ಹೊಸ ಬಲ್ಬು ಹಾಕಿದ್ದಾಯ್ತು. ಈಗ ಹೋಲ್ಡರಲ್ಲಿ 13.5 ಬರ್ತಿದೆ. ಗ್ಲಾಸು ಮಂಜಾಗಿತ್ತು, ಪಾಲಿಶ್ ಮಾಡಿಸಿದೆ. ಗೋಡೆ ಮುಂದೆ ನಿಲ್ಲಿಸಿ ನೋಡಿದರೆ ಮೇಲಂಚು ಗೆರೆಗಿಂತ ಒಂದು ಗೇಣು ಕೆಳಗಿತ್ತು, ಅದನ್ನೂ ಏರಿಸಿದೆ. ಎಲ್ಲಾ ಸೇರಿ ಸಾವಿರದ ಒಳಗೆ ಮುಗೀತು. ರಸ್ತೆ ಹಗಲಾಗಿಲ್ಲ, ಆದರೆ ಹಂಪ್ಸು ಬರೋ ಮುಂಚೆನೇ ಕಾಣ್ತಿದೆ.

ಉಳಿದ ದುಡ್ಡಲ್ಲಿ ಹೆಲ್ಮೆಟ್ ಗ್ಲಾಸು ಮತ್ತೆ ಒಂದು ರೋಲ್ ಕೆಂಪು ಟೇಪ್ ತಗೊಂಡೆ. ಪಕ್ಕದ ಮನೆ ಟ್ರ್ಯಾಕ್ಟರ್ ಟ್ರೇಲರಿಗೂ ಅಂಟಿಸ್ಲಾ ಅಂತ ಕೇಳಿದ್ದಕ್ಕೆ ಅವರು ಇನ್ನೂ ಹೂಂ ಅಂದಿಲ್ಲ.

ಗುಡಿಬಂಡೆ_ಗುರು
ನನ್ನ ಎಲ್‌ಇಡಿ ನಾನು ತೆಗೆಯಲ್ಲ ಗುರು. ಗೋಡೆ ಮುಂದೆ ನಿಲ್ಲಿಸಿ ನೋಡ್ತೀನಿ ಅಷ್ಟೇ.

ಲಾರಿ_ಸೀಟಿಂದ
ನೋಡಿ ಸ್ವಾಮಿ. ಫೋಟೋನೂ ಹಾಕಿ.

ಟೊಮೊಟೊ_ಕ್ರೇಟು
ಪುಟ್ಟಣ್ಣಾ, ನಮ್ಮ ಚಿಕ್ಕಪ್ಪನ ಎಕ್ಸ್‌ಎಲ್‌ದು ಟೇಲ್ ಲೈಟು ಬಲ್ಬು ಹಾಕಿದಂಗೆಲ್ಲ ಹೋಗ್ತದೆ. ವಾರಕ್ಕೊಂದು. ಬಲ್ಬು ಕಂಪನಿ ಸರಿ ಇಲ್ವಾ?

ವೈರಿಂಗ್_ಪುಟ್ಟಣ್ಣ
ವಾರಕ್ಕೊಂದು ಅಂದ್ರೆ ಬಲ್ಬಿನ ತಪ್ಪಲ್ಲ. ರೇಸ್ ಕೊಟ್ಟಾಗ ವೋಲ್ಟೇಜ್ 15 ದಾಟ್ತಾ ಐತಾ ನೋಡ್ಬೇಕು, ದಾಟಿದ್ರೆ ರೆಗ್ಯುಲೇಟರ್ ಹೋಗೈತೆ. ಅದು ಸರಿ ಇದ್ರೆ ಮಡ್‌ಗಾರ್ಡ್ ಲೂಸಾಗಿ ನಡುಗಿ ತಂತಿ ಮುರೀತಾ ಐತೆ. ಮಾರ್ಕೆಟ್ ಮುಗಿಸ್ಕೊಂಡು ಬರೋವಾಗ ಗಾಡಿ ತಂದುಬಿಡು, ಭಾನುವಾರ ಮಾತ್ರ ಬರ್ಬೇಡ, ಅಂಗಡಿ ತೆಗೆಯಲ್ಲ.